ಬಣ್ಣ ಹತ್ತಿದ ನಾಲಿಗೆ: ಗ್ವಾಂಗ್‌ಝೌದ ಒಂದು ‘ತೇವ’ ಪ್ರಕರಣ

ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದ ಪ್ರಕರಣ ಇದು. ರೋಗಿ ಯಾರೆಂದು ಗೊತ್ತಾಗದಂತೆ ವಯಸ್ಸು, ಊರು, ಕೆಲಸದ ವಿವರಗಳನ್ನು ಬದಲಿಸಿದೆ. ಇದೇ ಬಗೆಯ ಬೇರೆ ಕೇಸುಗಳಲ್ಲಿ ಕಂಡ ಒಂದೆರಡು ಸಂಗತಿಗಳೂ ಇದರಲ್ಲಿ ಸೇರಿವೆ. ವೈದ್ಯರ, ಅಂಗಡಿಗಳ ಹೆಸರು ಕೊಟ್ಟಿಲ್ಲ. ಗ್ರಾಂ ಲೆಕ್ಕ ಕೊಟ್ಟಿರುವುದು ತೀರ್ಮಾನಗಳು ಹೇಗಾದವು ಎಂದು ತೋರಿಸಲಿಕ್ಕೆ, ನೋಡಿಕೊಂಡು ಮನೆಯಲ್ಲಿ ಕುದಿಸಲಿಕ್ಕಲ್ಲ. ನೋಡಿ ಕುದಿಸಿದ್ದರಿಂದ ಏನಾಯಿತು ಎಂಬುದೂ ಈ ಪ್ರಕರಣದಲ್ಲೇ ಇದೆ.

ಹಿನ್ನೆಲೆ

ರೋಗಿಗೆ 38 ವರ್ಷ. ಉತ್ತರ ಚೀನಾದ ಒಣಹವೆಯ ಊರಿನವರು, ಗ್ವಾಂಗ್‌ಝೌಗೆ ಬಂದು ಐದು ವರ್ಷವಾಗಿತ್ತು. ಬಟ್ಟೆಯ ಸಗಟು ಮಾರುಕಟ್ಟೆಯಿಂದ ಹೊಲಿಗೆ ಘಟಕಗಳಿಗೆ ಥಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ. ನಗರ ಬೆಳೆದು ಸುತ್ತುವರಿದ ಹಳೆಯ ಹಳ್ಳಿಯೊಂದರಲ್ಲಿ ನೆಲಮಹಡಿಯ ಕೋಣೆ. ಅಲ್ಲಿಯ ಕಟ್ಟಡಗಳಿಗೆ ಜನ ಇಟ್ಟ ಹೆಸರು ‘ಕೈಕುಲುಕುವ ಮನೆಗಳು’: ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯವರ ಕೈ ಸಿಗುತ್ತದೆ. ಬಿಸಿಲು ಒಳಗೆ ಇಣುಕುವುದೂ ಇಲ್ಲ.

ಅಲ್ಲಿ ಚಳಿಗಾಲ ಮುಗಿಯುತ್ತ ಬಂದಂತೆ ‘ಹ್ವೆಯ್ ನಾನ್ ತ್ಯೆನ್’ ಎಂಬ ಹವೆ ಶುರುವಾಗುತ್ತದೆ. ದಕ್ಷಿಣದ ಸಮುದ್ರದಿಂದ ಬೆಚ್ಚಗಿನ ಗಾಳಿ ತಿರುಗಿ ಬಂದು, ಇನ್ನೂ ತಣ್ಣಗಿರುವ ಗೋಡೆಗೆ, ಟೈಲ್ಸಿಗೆ ತಾಗಿ ನೀರೊಡೆಯುತ್ತದೆ. ಆಗುಂಬೆ, ಮಂಗಳೂರು ಕಡೆಯವರಿಗೆ ಬೂಷ್ಟು ಹಿಡಿದ ಬೆಲ್ಟು, ಒಣಗದ ಬಟ್ಟೆ ಹೊಸದೇನಲ್ಲ. ಆದರೆ ಇಲ್ಲಿ ಒಂದು ಹನಿ ಮಳೆ ಬೀಳದೆಯೂ ಗೋಡೆ ಬೆವರುತ್ತದೆ. ಇಂಥ ಊರಿನಲ್ಲಿ ಮೈ ಭಾರವಾದರೆ, ಮುಖ ಊದಿದರೆ, ಹೊಟ್ಟೆ ಕೆಟ್ಟರೆ ಜನ ಮೊದಲು ಹೇಳುವುದು ಒಂದೇ ಮಾತು: ಮೈಯಲ್ಲಿ ತೇವ ಜಾಸ್ತಿಯಾಗಿದೆ.

ಚೀನೀ ವೈದ್ಯದಲ್ಲಿ ಈ ತೇವಕ್ಕೆ ‘ಷಿ’ ಎನ್ನುತ್ತಾರೆ. ಹೊರಗಿನ ಹವೆಯಿಂದ ಹತ್ತುವುದು ಒಂದು, ಒಳಗೇ ಹುಟ್ಟುವುದು ಇನ್ನೊಂದು. ಒಳಗಿನದಕ್ಕೆ ಹೊಣೆ ‘ಪಿ’. ಪುಸ್ತಕಗಳು ಇದನ್ನು ಗುಲ್ಮ ಎಂದು ಅನುವಾದಿಸುತ್ತವೆ. ಆದರೆ ಅವರು ಹೇಳುವುದು ಆ ಅಂಗದ ಮಾತಲ್ಲ, ತಿಂದದ್ದನ್ನು ಕುಡಿದದ್ದನ್ನು ಅರಗಿಸಿ ಮೈಗೆಲ್ಲ ಸಾಗಿಸುವ ಶಕ್ತಿಯ ಮಾತು. ಆ ಸಾಗಣೆ ನಿಧಾನವಾದರೆ ನೀರು ನಿಲ್ಲುತ್ತದೆ. ತೇವದ ಗುಣ ಭಾರ, ಜಿಗುಟು, ಕೆಳಕ್ಕಿಳಿಯುವುದು, ಬೇಗ ಬಿಟ್ಟುಹೋಗದಿರುವುದು. ನಮ್ಮ ಕಡೆಯ ಓದುಗರಿಗೆ ಕೂಡಲೇ ಕಫ, ಆಮ ನೆನಪಾಗಬಹುದು. ಹೋಲಿಕೆ ಇದೆ, ಆದರೆ ಅದನ್ನು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಅಲ್ಲಿಯ ಸೂತ್ರಗಳು ಕಟ್ಟಿರುವುದು ಅಲ್ಲಿಯ ಲೆಕ್ಕಾಚಾರದ ಮೇಲೆ.

ಆ ಲೆಕ್ಕಾಚಾರದಲ್ಲಿ ತೇವ ತೆಗೆಯಲು ಮುಖ್ಯವಾಗಿ ಮೂರು ದಾರಿ. ಸುವಾಸನೆಯ ಮೂಲಿಕೆಗಳಿಂದ ಚದುರಿಸುವುದು. ಹ್ವೊ ಶ್ಯಾಂಗ್ (ನಮ್ಮ ಪಚ್ಚೆತೆನೆಯ ಬಳಗದ ಪಚೌಲಿ), ಏಲಕ್ಕಿ ಜಾತಿಯ ಷಾ ರೆನ್ ಇಂಥವು. ಕಹಿ ಮತ್ತು ಬಿಸಿ ಗುಣದವುಗಳಿಂದ ಒಣಗಿಸುವುದು. ತ್ಸಾಂಗ್ ಝು ಬೇರು, ಮ್ಯಾಗ್ನೋಲಿಯಾ ಮರದ ತೊಗಟೆ ಹೋಪೊ. ಸಪ್ಪೆ ರುಚಿಯವುಗಳಿಂದ ಮೂತ್ರದ ದಾರಿಯಲ್ಲಿ ಇಳಿಸುವುದು. ಪೈನ್ ಮರದ ಬೇರಿನ ಮೇಲೆ ಬೆಳೆಯುವ ಶಿಲೀಂಧ್ರ ಫು ಲಿಂಗ್, ಝೆ ಶ್ಯೆ ಗೆಡ್ಡೆ, ಯೀ ಯೀ ರೆನ್ ಕಾಳು. ತೇವದ ಜೊತೆ ಉಷ್ಣ ಸೇರಿದೆಯೋ ಶೀತ ಸೇರಿದೆಯೋ ಎಂಬುದರ ಮೇಲೆ ಈ ಮೂರರ ಪಾಲು ಬದಲಾಗುತ್ತದೆ. ಈ ಪ್ರಕರಣ ಎಡವಿದ್ದು ಅಲ್ಲೇ.

ಸಮಸ್ಯೆ

ರೋಗಿಯ ಮಾತಿನಲ್ಲಿ ಹೇಳುವುದಾದರೆ, ಒದ್ದೆ ಟವೆಲ್ ಸುತ್ತಿಕೊಂಡ ಹಾಗೆ ತಲೆ. ಬೆಳಗ್ಗೆ ಎದ್ದರೆ ಕಾಲು ಎತ್ತಿಡಲಾಗದಷ್ಟು ಭಾರ. ಊಟವಾದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರ. ಮಲ ಸಡಿಲ, ದಿನಕ್ಕೆ ಎರಡು ಸಲ, ಕಮೋಡಿಗೆ ಅಂಟಿಕೊಂಡು ಎರಡು ಸಲ ಫ್ಲಶ್ ಮಾಡಿದರೂ ಹೋಗುವುದಿಲ್ಲ. ಬಾಯಾರಿಕೆ ಇಲ್ಲ. ತೂಕ 86 ಕಿಲೋ, ರಕ್ತದೊತ್ತಡ 136/88. ರಾತ್ರಿ ಹನ್ನೊಂದರ ಮೇಲೆ ಗೆಳೆಯರ ಜೊತೆ ಕೆಂಡದ ಮೇಲೆ ಸುಟ್ಟ ಮಾಂಸ, ಐಸ್‌ನಲ್ಲಿಟ್ಟ ಬಿಯರ್. ವಾರಕ್ಕೆ ನಾಲ್ಕು ದಿನವಾದರೂ ಇದೇ ಊಟ.

ವೈದ್ಯರ ಬಳಿಗೆ ಬರುವ ಮೊದಲು ಮೂರು ತಿಂಗಳು ಅವರೇ ಮದ್ದು ಮಾಡಿಕೊಂಡಿದ್ದರು. ಒಂದು, ದಿನಕ್ಕೊಂದು ಲೋಟ ‘ಲ್ಯಾಂಗ್ ಚಾ’. ಹೆಸರಲ್ಲಿ ಚಹಾ ಇದ್ದರೂ ಇದು ಮೂಲಿಕೆಗಳ ಕಷಾಯ, ಮೈಯ ಉಷ್ಣ ತೆಗೆಯಲು ಗ್ವಾಂಗ್‌ಡಾಂಗಿನವರು ತಲೆಮಾರುಗಳಿಂದ ಕುಡಿಯುತ್ತ ಬಂದದ್ದು. 2006ರಲ್ಲಿ ಚೀನಾ ಇದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರಲ್ಲಿ ಹಲವು ಬಗೆ. ಕೆಂಪು ಬೂರುಗದ ಹೂ ಬೀಳುವ ‘ಐದು ಹೂವಿನ ಚಹಾ’ ಸೌಮ್ಯ. ಈ ರೋಗಿ ಕುಡಿಯುತ್ತಿದ್ದದ್ದು ‘ಇಪ್ಪತ್ನಾಲ್ಕು ರುಚಿ’ ಎಂಬ ಕಡುಕಪ್ಪು, ಕಡುಕಹಿಯ ಬಗೆ.

ಎರಡು, ಕೆಂಪು ಕಾಳು ಮತ್ತು ಯೀ ಯೀ ರೆನ್ ಕುದಿಸಿದ ನೀರು. ಚೀನಾದಲ್ಲಿ ತೇವಕ್ಕೆ ಮನೆಮದ್ದು ಎಂದರೆ ಮೊದಲು ಇದೇ. ಇದರಲ್ಲಿ ಜನ ಮಾಡುವ ತಪ್ಪುಗಳೆಲ್ಲ ಇಲ್ಲೂ ಇದ್ದವು. ತೇವ ಇಳಿಸಲು ಮೂಲಿಕೆ ಅಂಗಡಿಯವರು ಕೊಡುವುದು ಸಣಕಲಾದ, ಉದ್ದನೆಯ, ಮಂಕು ಕೆಂಪಿನ ‘ಚಿ ಶ್ಯಾವ್ ದೌ’. ಇವರು ತಂದದ್ದು ಸಿಹಿತಿಂಡಿಗೆ ಹಾಕುವ ದುಂಡನೆಯ ಕೆಂಪು ಕಾಳು. ಯೀ ಯೀ ರೆನ್ ಹಸಿಯಾಗಿದ್ದರೆ ತಂಪು. ಹೊಟ್ಟೆ ದುರ್ಬಲವಿದ್ದವರಿಗೆ ಅದನ್ನು ಹೊಂಬಣ್ಣಕ್ಕೆ ಬಂದು ಅರಳುವವರೆಗೆ ಹುರಿದು ಬಳಸಬೇಕು. ಇವರು ಹುರಿದಿರಲಿಲ್ಲ. ಮೇಲೆ ಕಲ್ಲುಸಕ್ಕರೆ ಬೇರೆ. ಸಿಹಿ ತೇವವನ್ನು ಹೆಚ್ಚಿಸುತ್ತದೆ ಎನ್ನುವುದು ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು.

(ಕಾಳಿನ ವಿಷಯ ಬಂದದ್ದರಿಂದ ಒಂದು ಮಾತು. ಚಿ ಶ್ಯಾವ್ ದೌ ಜೊತೆ ಅದಲುಬದಲಾಗುವ ಇನ್ನೊಂದು ಬೀಜವಿದೆ: ಅರ್ಧ ಕೆಂಪು, ಅರ್ಧ ಕಪ್ಪು. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯೇ ಅದು. ಅದರಲ್ಲಿರುವ ಏಬ್ರಿನ್ ಪ್ರಾಣ ತೆಗೆಯುವ ವಿಷ. ಕಪ್ಪು ಚುಕ್ಕೆ ಕಂಡ ಯಾವ ಕೆಂಪು ಕಾಳನ್ನೂ ಪಾತ್ರೆಗೆ ಹಾಕಬಾರದು.)

ಮೂರು ತಿಂಗಳಾದ ಮೇಲೆ ಮಲ ದಿನಕ್ಕೆ ಮೂರು ಸಲವಾಯಿತು.

ಮೊದಲ ಚಿಕಿತ್ಸೆ

ಮೊದಲು ನೋಡಿದ ವೈದ್ಯರು ಸಂಜೆಯ ಗಡಿಬಿಡಿಯಲ್ಲಿ ನೋಡಿದರು. ನಾಲಿಗೆಯ ಮೇಲೆ ಹಳದಿ ಮಿಶ್ರಿತ ಕಂದು ಬಣ್ಣದ ದಪ್ಪ ಜಿಗುಟು ಲೇಪ. ಅಂಟುವ ಮಲ. ಬಿಯರ್, ಸುಟ್ಟ ಮಾಂಸ. ಇಷ್ಟು ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ‘ತೇವ-ಉಷ್ಣ’ವೇ. ಬರೆದದ್ದು ಸಿ ಮ್ಯಾವ್ ಸಾನ್, ಅಂದರೆ ನಾಲ್ಕು ಮೂಲಿಕೆಗಳ ಸೂತ್ರ: ಹ್ವಾಂಗ್ ಬಾಯ್ ತೊಗಟೆ 10 ಗ್ರಾಂ, ತ್ಸಾಂಗ್ ಝು 10, ಯೀ ಯೀ ರೆನ್ 30, ನ್ಯೂ ಶಿ ಬೇರು 10. ಅದರ ಮೇಲೆ ಕಹಿಗೆ ಹೆಸರಾದ ಜೆನ್ಷಿಯನ್ ಬೇರು ಲೊಂಗ್ ದಾನ್ 6, ಗಾರ್ಡೇನಿಯಾ ಕಾಯಿ ಝಿ ಝಿ 10, ಬಟ್ಟೆಯಲ್ಲಿ ಕಟ್ಟಿ ಕುದಿಸಬೇಕಾದ ಚೆ ಚ್ಯೆನ್ ಝಿ ಬೀಜ 15. ಏಳು ದಿನಕ್ಕೆ ಏಳು ಪೊಟ್ಟಣ.

ನಿಜವಾಗಿ ತೇವ-ಉಷ್ಣವಿದ್ದವರಿಗೆ ಇದು ಒಳ್ಳೆಯ ಜೋಡಣೆಯೇ. ಆದರೆ ಒಂದು ಎಚ್ಚರಿಕೆ ಕೈತಪ್ಪಿತ್ತು. ಝಿ ಝಿ ಬಗ್ಗೆ ಹಾನ್ ರಾಜವಂಶದ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬರೆದಿಟ್ಟದ್ದು ಸ್ಪಷ್ಟವಾಗಿದೆ: ಮೊದಲಿಂದಲೂ ಮಲ ಸಡಿಲವಿದ್ದವರಿಗೆ ಇದನ್ನು ಕೊಡಬೇಡಿ. ಈ ರೋಗಿಯ ಮಲ ತಿಂಗಳುಗಳಿಂದ ಸಡಿಲ. ಮೂರನೇ ದಿನಕ್ಕೆ ಹಸಿವು ಹೋಯಿತು. ಐದನೇ ದಿನ ಹೊಟ್ಟೆಯಲ್ಲಿ ಐಸ್ ಇಟ್ಟ ಹಾಗೆ ತಣ್ಣಗೆ, ಬೆಳಗಿನ ಜಾವ ನೀರುಭೇದಿ.

ರೋಗಿ ಇದನ್ನು ತಿಳಿದುಕೊಂಡ ಬಗೆಯೇ ಬೇರೆ: ತೇವವೆಲ್ಲ ಹೊರಗೆ ಹೋಗುತ್ತಿದೆ! ಏಳು ಪೊಟ್ಟಣ ಮುಗಿದ ಮೇಲೆ ವೈದ್ಯರ ಬಳಿ ಹೋಗದೆ ಚೀಟಿಯ ಫೋಟೋ ತೋರಿಸಿ ಮತ್ತೆ ಏಳು ತರಿಸಿಕೊಂಡರು. ಮೊದಲ ವಾರದ ಹಾನಿ ವೈದ್ಯರದು, ಎರಡನೇ ವಾರದ್ದು ಫೋಟೋದ್ದು ಎನ್ನಬಹುದು. ಭೇದಿಯಾದದ್ದನ್ನೆಲ್ಲ ‘ಕೆಟ್ಟದ್ದು ಹೊರಬಂತು’ ಎಂದುಕೊಳ್ಳುವ ರೂಢಿ ನಮ್ಮಲ್ಲೂ ಕಡಿಮೆಯೇನಿಲ್ಲ.

ತಿರುವು

ಎರಡನೇ ಕಡೆ ನೋಡಿದ ವೈದ್ಯೆಗೆ ಅನುಮಾನ ಬಂದದ್ದು ಒಂದಕ್ಕೊಂದು ಹೊಂದದ ಗುರುತುಗಳಿಂದ. ನಾಲಿಗೆಯ ಲೇಪ ಹಳದಿ, ಆದರೆ ಅಂಚು ಕೆಂಪಿಲ್ಲ, ಪೇಲವ. ನಾಡಿ ಮೃದು, ನಿಧಾನ. ಮೂತ್ರ ತಿಳಿ. ಬೆಳಗ್ಗೆ ಬಾಯಿ ಕಹಿಯಾಗುತ್ತದೆಯೇ ಎಂದರೆ ಇಲ್ಲ. ಬಿಸಿನೀರು ಕುಡಿದರೆ ಹಾಯೆನಿಸುತ್ತದೆ. ಉಷ್ಣದ ಪರವಾಗಿ ಸಾಕ್ಷಿ ಹೇಳುತ್ತಿದ್ದದ್ದು ಆ ಹಳದಿ ಬಣ್ಣ ಒಂದೇ.

ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿ ನಾಲಿಗೆಯ ಮಧ್ಯದಲ್ಲಿ ಹಿಂದಿನಿಂದ ಮುಂದಕ್ಕೆ ಒರೆಸಿದರು. ಗಾಜ್ ಕಂದಾಯಿತು, ಒರೆಸಿದಲ್ಲಿ ಕಂಡದ್ದು ಬಿಳಿ. ಬರುವ ದಾರಿಯಲ್ಲಿ ಏನು ಕುಡಿದಿರಿ ಎಂದು ಕೇಳಿದರೆ ಉತ್ತರ ಸಿಕ್ಕಿತು: ಇಪ್ಪತ್ನಾಲ್ಕು ರುಚಿಯ ಲ್ಯಾಂಗ್ ಚಾ, ದೊಡ್ಡ ಲೋಟ. ದಪ್ಪ ಲೇಪ ಸ್ಪಂಜಿನ ಹಾಗೆ, ಕಾಫಿ, ಕಷಾಯ, ಬಣ್ಣದ ಪೆಪ್ಪರಮೆಂಟು ಎಲ್ಲವನ್ನೂ ಹೀರಿಕೊಳ್ಳುತ್ತದೆ. ಇದಕ್ಕೆ ಅವರಲ್ಲಿ ‘ಬಣ್ಣ ಹತ್ತಿದ ಲೇಪ’ ಎಂಬ ಹೆಸರೇ ಇದೆ, ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಆದರೂ ಸಂಜೆ ನಲವತ್ತನೇ ರೋಗಿಯ ಹೊತ್ತಿಗೆ ಮರೆತುಹೋಗುತ್ತದೆ.

ವೈದ್ಯೆ ಅಂದು ಮದ್ದು ಬರೆಯಲಿಲ್ಲ. ಮರುದಿನ ಬೆಳಗ್ಗೆ ನೀರು ಬಿಟ್ಟು ಬೇರೇನೂ ಕುಡಿಯದೆ, ನಾಲಿಗೆ ಕೆರೆಯದೆ ಬರಲು ಹೇಳಿ ಕಳಿಸಿದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರ ಇನ್ನೊಂದಿಲ್ಲ. ಮರುದಿನ ಕಂಡದ್ದು: ಪೇಲವ, ಊದಿದ, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ ನಾಲಿಗೆ, ಮೇಲೆ ಅಕ್ಕಿಹಿಟ್ಟು ಕಲಸಿ ಬಳಿದಂತೆ ಬಿಳಿ ಜಿಗುಟು. ತೇವವಿದೆ, ಜೊತೆಗಿರುವುದು ಶೀತ, ಪಿ ಬಳಲಿದೆ. ಮೂರು ತಿಂಗಳ ತಂಪು ಕಷಾಯ, ಎರಡು ವಾರದ ಕಹಿ ಮದ್ದು, ಐಸ್ ಬಿಯರ್, ಎಲ್ಲ ಸೇರಿ ಬೆಂದ ಗಾಯದ ಮೇಲೆ ಬರೆ ಎಳೆದಂತಾಗಿತ್ತು.

ಮದ್ದು ಬರೆಯುವ ಮೊದಲು

ಎರಡು ಕೆಲಸ ಉಳಿದಿದ್ದವು. ‘ತೇವ’ ಎಂಬ ಹೆಸರಿನಡಿ ಥೈರಾಯ್ಡ್ ತೊಂದರೆ, ಮಧುಮೇಹ, ಕರುಳಿನ ಕಾಯಿಲೆ, ಮೂತ್ರಪಿಂಡದ ಊತ ಏನು ಬೇಕಾದರೂ ಅಡಗಿರಬಹುದು. ತೂಕ ತಾನಾಗಿ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಿದ್ದರೆ, ಕಾಲು ಒತ್ತಿದಾಗ ಗುಳಿ ಬೀಳುತ್ತಿದ್ದರೆ ಕಷಾಯದ ಮಾತೇ ಬೇಡ, ಮೊದಲು ಆಸ್ಪತ್ರೆ. ಇವರಲ್ಲಿ ಅವು ಯಾವುವೂ ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸರಿಯಿದ್ದವು. ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ಯಕೃತ್ತಿನ ಎಎಲ್‌ಟಿ ಮಾತ್ರ 62, ಅಂದರೆ ತುಸು ಹೆಚ್ಚು; ಸ್ಕ್ಯಾನಿನಲ್ಲಿ ಸ್ವಲ್ಪ ಕೊಬ್ಬು. ಈ 62 ಅನ್ನು ಮದ್ದು ಶುರುವಾಗುವ ಮೊದಲೇ ಬರೆದಿಟ್ಟುಕೊಂಡದ್ದು ಮುಂದೆ ಉಪಯೋಗಕ್ಕೆ ಬಂತು. ಮೂಲಿಕೆ ಕೊಟ್ಟು ತಿಂಗಳಾದ ಮೇಲೆ ಮೊದಲ ಸಲ ಪರೀಕ್ಷಿಸಿ 62 ಕಂಡಿದ್ದರೆ ಅದು ಬಿಯರಿನದೋ ಮೂಲಿಕೆಯದೋ ಎಂದು ಯಾರೂ ಹೇಳಲಾಗುತ್ತಿರಲಿಲ್ಲ.

ಕ್ರಿಯಾಟಿನಿನ್ ನೋಡಲು ಬೇರೆ ಕಾರಣವಿತ್ತು. ಮನೆಯಲ್ಲಿರುವ ಮದ್ದನ್ನೆಲ್ಲ ತನ್ನಿ ಎಂದಾಗ ರೋಗಿ ತಂದ ಚೀಲದಲ್ಲಿ ಊರಿಂದ ಬಂದ ಒಂದು ಗುಳಿಗೆ ಬಾಟಲಿಯಿತ್ತು. ತೇವ-ಉಷ್ಣಕ್ಕೆಂದು ಕೊಟ್ಟದ್ದು, ಚೀಟಿ ಮಾಸಿದೆ, ತಾರೀಖು ಕಾಣದು, ಪದಾರ್ಥಗಳಲ್ಲಿ ‘ಮು ತೊಂಗ್’ ಎಂದಷ್ಟೇ ಇದೆ. ಹತ್ತಿಪ್ಪತ್ತು ಗುಳಿಗೆ ನುಂಗಿದ್ದಾಗಿತ್ತು.

ಮು ತೊಂಗ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗಿಡಗಳು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಗ್ವಾನ್ ಮು ತೊಂಗ್ ಅರಿಸ್ಟೊಲೋಕಿಯಾ ಜಾತಿಯದು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಮರಳಿ ಸರಿಯಾಗದಂತೆ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಹಾನ್ ಫಾಂಗ್ ಜಿ ಎಂಬ ಬೇರಿನ ಬದಲು ಗ್ವಾಂಗ್ ಫಾಂಗ್ ಜಿ ಎಂಬ ಅರಿಸ್ಟೊಲೋಕಿಯಾ ಬೇರು ಸೇರಿಹೋಗಿ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. 1993ರಲ್ಲಿ ಅದು ವೈದ್ಯಲೋಕದ ಗಮನಕ್ಕೆ ಬಂತು. ಎರಡು ಹೆಸರಿನ ನಡುವೆ ವ್ಯತ್ಯಾಸ ಒಂದು ಉಚ್ಚಾರದ್ದು. ಚೀನಾ 2003ರಲ್ಲಿ ಗ್ವಾನ್ ಮು ತೊಂಗ್ ಅನ್ನೂ 2004ರಲ್ಲಿ ಗ್ವಾಂಗ್ ಫಾಂಗ್ ಜಿಯನ್ನೂ ಮದ್ದಿನಿಂದ ತೆಗೆದುಹಾಕಿತು. ಈಗಿನ ಸೂತ್ರಗಳಲ್ಲಿ ಬರುವ ಮು ತೊಂಗ್ ಬೇರೆ ಗಿಡದ್ದು, ಅದರಲ್ಲಿ ಈ ಆಮ್ಲವಿಲ್ಲ. ನಮ್ಮ ಬೇಲಿಗಳಲ್ಲಿ ಸಿಗುವ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯಾ ಜಾತಿಯದೇ ಎಂಬುದು ನಾಟಿಮದ್ದು ಮಾಡುವವರಿಗೆ ಗೊತ್ತಿರಬೇಕು.

ಬಾಟಲಿಯನ್ನು ಚಿಕಿತ್ಸಾಲಯದಲ್ಲೇ ಇಟ್ಟುಕೊಂಡರು, ವಾಪಸ್ ಕೊಡಲಿಲ್ಲ.

ಎರಡನೇ ಚಿಕಿತ್ಸೆ: ಒಲೆಯ ಮೇಲೆ ಏನಾಯಿತು

ಆರಿಸಿದ್ದು ವೆಯ್ ಲಿಂಗ್ ತಾಂಗ್. ಇದು ಎರಡು ಹಳೆಯ ಸೂತ್ರಗಳ ಜೋಡಿ. ಸೊಂಗ್ ಕಾಲದ ಸರ್ಕಾರಿ ಔಷಧಾಲಯದ ಸಂಗ್ರಹದಲ್ಲಿರುವ ಪಿಂಗ್ ವೆಯ್ ಸಾನ್ ಹೊಟ್ಟೆಯ ತೇವ ಒಣಗಿಸುತ್ತದೆ. ಝಾಂಗ್ ಝೊಂಗ್‌ಜಿಂಗ್‌ನ ವೂ ಲಿಂಗ್ ಸಾನ್ ನೀರನ್ನು ಕೆಳಗಿಳಿಸುತ್ತದೆ. ಸಾನ್ ರೆನ್ ತಾಂಗ್ ಏಕೆ ಬೇಡ ಎಂಬ ಪ್ರಶ್ನೆಯೂ ಬಂದಿತ್ತು, ತೇವಕ್ಕೆ ಅದು ಬಲು ಜನಪ್ರಿಯ. ಆದರೆ ಚಿಂಗ್ ಕಾಲದ ವೂ ಜೂತೊಂಗ್ ಅದನ್ನು ಕಟ್ಟಿದ್ದು ಮಧ್ಯಾಹ್ನದ ಮೇಲೆ ಮೈ ಬಿಸಿಯೇರುವ ತೇವ-ಉಷ್ಣ ಜ್ವರಕ್ಕೆ. ಅದರಲ್ಲಿರುವ ಹ್ವಾ ಷಿ ಎಂಬ ಬಳಪದ ಪುಡಿ, ಬಿದಿರೆಲೆ ಎರಡೂ ತಂಪು. ಇಲ್ಲಿ ಅವಕ್ಕೆ ಕೆಲಸವಿಲ್ಲ.

ಬರೆದದ್ದು ಹೀಗೆ: ತ್ಸಾಂಗ್ ಝು 10 ಗ್ರಾಂ, ಹೋಪೊ 10, ಹಳೆಯ ಕಿತ್ತಳೆ ಸಿಪ್ಪೆ ಚೆನ್ ಪಿ 6, ಜ್ಯೇಷ್ಠಮಧು 3, ಫು ಲಿಂಗ್ 15, ಹುರಿದ ಬಾಯ್ ಝು 10, ಝೆ ಶ್ಯೆ 10, ಝು ಲಿಂಗ್ 10, ದಾಲ್ಚಿನ್ನಿ ಜಾತಿಯ ಎಳೆಕಡ್ಡಿ ಗ್ವೆಯ್ ಝಿ 6, ಹ್ವೊ ಶ್ಯಾಂಗ್ 10, ಷಾ ರೆನ್ 5, ಹಸಿಶುಂಠಿ ಮೂರು ಬಿಲ್ಲೆ. ಮೂಲದಲ್ಲಿರುವ ಕೆಂಪು ಖರ್ಜೂರದಂಥ ದಾ ಝಾವ್ ಹಣ್ಣನ್ನು ಸಿಹಿಯೆಂದು ಬಿಟ್ಟರು. ಜ್ಯೇಷ್ಠಮಧು 3 ಗ್ರಾಮಿಗೇ ನಿಂತದ್ದು ರಕ್ತದೊತ್ತಡ ನೋಡಿ. ಹೆಚ್ಚು ದಿನ ಹೆಚ್ಚು ಕೊಟ್ಟರೆ ಅದು ಪೊಟ್ಯಾಷಿಯಂ ಇಳಿಸಿ ಒತ್ತಡ ಏರಿಸುತ್ತದೆ. ಐದು ಪೊಟ್ಟಣ ಕೊಟ್ಟು, ಮುಗಿದ ಕೂಡಲೇ ಬನ್ನಿ ಎಂದರು.

ಐದನೇ ದಿನ ರೋಗಿ ಬಂದರು. ಭೇದಿ ನಿಂತಿತ್ತು, ಅಷ್ಟೇ. ಉಬ್ಬರ ಹಾಗೇ, ಲೇಪ ಹಾಗೇ. ಅಲ್ಲಿ ಇನ್ನೊಂದು ತಪ್ಪು ಆಗುವುದರಲ್ಲಿತ್ತು: ತ್ಸಾಂಗ್ ಝು 15ಕ್ಕೆ ಏರಿಸಬೇಕು ಎಂದು ಪೆನ್ನು ಎತ್ತಿಯೂ ಆಗಿತ್ತು. ಆಗ ಮದ್ದು ಕಟ್ಟಿಕೊಡುವ ಹಿರಿಯ ಸಹಾಯಕಿ, ಮನೆಯಲ್ಲಿ ಹೇಗೆ ಕುದಿಸಿದಿರಿ, ಮೊದಲಿಂದ ಹೇಳಿ ಎಂದು ಕೇಳಿದರು. ರೋಗಿ ಹೆಮ್ಮೆಯಿಂದಲೇ ಹೇಳಿದರು: ಎಲ್ಲ ಒಟ್ಟಿಗೆ ಹಾಕಿ ಒಂದು ಗಂಟೆ ಚೆನ್ನಾಗಿ ಕುದಿಸಿದೆ, ಪರಿಮಳ ಓಣಿಯ ತುದಿಯವರೆಗೂ ಬರುತ್ತಿತ್ತು.

ಮದ್ದು ಓಣಿಗೆ ಹೋಗಿತ್ತು. ಹ್ವೊ ಶ್ಯಾಂಗ್ ಮತ್ತು ಷಾ ರೆನ್‌ನ ಕೆಲಸವೆಲ್ಲ ಆವಿಯಾಗುವ ಎಣ್ಣೆಯದು. ಗಂಟೆ ಕುದಿಸಿದರೆ ಬಟ್ಟಲಿನಲ್ಲಿ ಉಳಿಯುವುದು ಒಗರು ನೀರು. ಷಾ ರೆನ್ ಸಿಪ್ಪೆ ಒಡೆಯದೆ ಇಡಿಯಾಗಿಯೇ ಬಿದ್ದಿತ್ತು. ಗೊಜ್ಜಿಗೆ ಏಲಕ್ಕಿಯನ್ನು ಜಜ್ಜದೆ ಹಾಕಿ ಪರಿಮಳ ಬರಲಿಲ್ಲ ಎಂದ ಹಾಗೆ. ಪ್ರಮಾಣ ಒಂದು ಗ್ರಾಮೂ ಬದಲಿಸದೆ ಕುದಿಸುವ ವಿಧಾನವನ್ನು ಮಾತ್ರ ಬರೆದುಕೊಟ್ಟರು.

ಮಣ್ಣಿನ ಇಲ್ಲವೇ ಪಿಂಗಾಣಿ ಪಾತ್ರೆ, ಕಬ್ಬಿಣ ಅಲ್ಯೂಮಿನಿಯಂ ಬೇಡ. ಹ್ವೊ ಶ್ಯಾಂಗ್, ಷಾ ರೆನ್ ಬಿಟ್ಟು ಉಳಿದದ್ದನ್ನು 900 ಮಿಲಿ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸುವುದು. ಬಿಸಿನೀರಲ್ಲಿ ನೆನೆಸಿದರೆ ಮೇಲ್ಮೈ ಬೆಂದು ಒಳಗಿನ ಸಾರ ಬಿಡುವುದಿಲ್ಲ. ದೊಡ್ಡ ಉರಿಯಲ್ಲಿ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ, ಮುಚ್ಚಳ ಮುಚ್ಚಿ. ಹ್ವೊ ಶ್ಯಾಂಗ್ ಮತ್ತು ಜಜ್ಜಿದ ಷಾ ರೆನ್ ಹಾಕಿ ಮತ್ತೆ ಐದೇ ನಿಮಿಷ. ಬಸಿದು, ಅದೇ ಗಸಿಗೆ 500 ಮಿಲಿ ಹಾಕಿ 15 ನಿಮಿಷ ಎರಡನೇ ಕುದಿ. ಎರಡೂ ಸೇರಿಸಿದರೆ 400 ಮಿಲಿ ಆಸುಪಾಸು. ಅರ್ಧ ಬೆಳಗ್ಗೆ, ಅರ್ಧ ರಾತ್ರಿ, ಊಟವಾಗಿ ಅರ್ಧ ಗಂಟೆಗೆ ಬೆಚ್ಚಗೆ. ಬೆಳಗಿನದಕ್ಕೆ ವ್ಯಾನಿನಲ್ಲಿ ಥರ್ಮಾಸ್ ಫ್ಲಾಸ್ಕ್.

ಈ ಸಲದ ಏಳು ಪೊಟ್ಟಣ ಕೈ ಹಿಡಿಯಿತು. ಉಬ್ಬರ ಅರ್ಧಕ್ಕಿಳಿಯಿತು, ಮಲ ದಿನಕ್ಕೆರಡು ಸಲ, ಸ್ವಲ್ಪ ಗಟ್ಟಿ. ನಾಲಿಗೆಯ ಮುಂಭಾಗದಲ್ಲಿ ಲೇಪ ತೆಳುವಾಗಿ ಕೆಳಗಿನ ಮಾಂಸ ಕಾಣತೊಡಗಿತು. ಬುಡದಲ್ಲಿ ಮಾತ್ರ ದಪ್ಪ ಉಳಿಯಿತು.

ಒಳ್ಳೆಯದಾದಾಗ ಆದ ತಪ್ಪು

ಚೆನ್ನಾಗಿದೆ ಎಂದು ರೋಗಿ ಮುಂದಿನ ಭೇಟಿಗೆ ಬರಲಿಲ್ಲ. ಅದೇ ಚೀಟಿಗೆ ಇನ್ನೂ 14 ದಿನದ್ದು ತೆಗೆದುಕೊಂಡರು. ಕೊಟ್ಟವರೂ ಕೇಳಲಿಲ್ಲ. ನಾಲ್ಕನೇ ವಾರದ ಕೊನೆಗೆ ಬಂದಾಗ ತುಟಿ ಬಿರಿದಿತ್ತು, ರಾತ್ರಿ ಎರಡು ಸಲ ಎದ್ದು ನೀರು ಕುಡಿಯುತ್ತಿದ್ದರು, ನಿದ್ದೆ ಸರಿಯಿಲ್ಲ, ನಾಲಿಗೆಯ ತುದಿ ಕೆಂಪು. ಇದನ್ನು ಕಂಡು ಮತ್ತೆ ‘ಉಷ್ಣ’ ಎಂದು ಲ್ಯಾಂಗ್ ಚಾ ಅಂಗಡಿಗೂ ಹೋಗಿಬಂದಿದ್ದರು. ಒಂದು ಕಡೆ ಒಣಗಿಸುವ ಮದ್ದು, ಇನ್ನೊಂದು ಕಡೆ ತಂಪು ಕಷಾಯ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಇದು ಹೊಸ ಕಾಯಿಲೆಯಲ್ಲ. ತ್ಸಾಂಗ್ ಝು, ಹೋಪೊ ಒಣಗಿಸುವ ಮದ್ದುಗಳು. ತೇವ ಇರುವ ತನಕ ತೇವವನ್ನು, ಅದು ಕಡಿಮೆಯಾದ ಮೇಲೆ ಮೈಗೆ ಬೇಕಾದ ಪಸೆಯನ್ನೂ ಎಳೆಯುತ್ತವೆ. ಲೇಪ ಅರ್ಧ ಕರಗಿದಾಗಲೇ ಸೂತ್ರ ಬದಲಿಸಬೇಕಿತ್ತು. ಪೂರ್ತಿ ಕರಗಲಿ ಎಂದು ಕಾದದ್ದು ತಪ್ಪು. ಐದು ಐದು ದಿನದ್ದೇ ಕೊಡುವ ಪದ್ಧತಿ ಹುಟ್ಟಿದ್ದು ಇದಕ್ಕೇ. ವೈದ್ಯೆ ಚೀಟಿಯ ಮೇಲೆ ‘ಮರಳಿ ಕೊಡಬೇಡಿ’ ಎಂದು ಬರೆದಿರಲಿಲ್ಲ. ಆ ಪಾಲು ಅವರದೂ ಹೌದು.

ತ್ಸಾಂಗ್ ಝು, ಹೋಪೊ, ಝೆ ಶ್ಯೆ, ಝು ಲಿಂಗ್, ಗ್ವೆಯ್ ಝಿ ಎಲ್ಲ ನಿಲ್ಲಿಸಿ ಮೂರು ದಿನ ಏನೂ ಕೊಡಲಿಲ್ಲ. ಆಮೇಲೆ ಷೆನ್ ಲಿಂಗ್ ಬಾಯ್ ಝು ಸಾನ್. ಇದು ತೇವವನ್ನು ಅಟ್ಟುವುದಕ್ಕಿಂತ ಪಿ ಶಕ್ತಿಯನ್ನು ಎತ್ತಿ ನಿಲ್ಲಿಸುವ ಸೂತ್ರ, ಅರ್ಧಕ್ಕರ್ಧ ಅಡುಗೆಮನೆಯದು. ಜಿನ್‌ಸೆಂಗ್ ಬದಲು ದಾಂಗ್ ಷೆನ್ 15, ಫು ಲಿಂಗ್ 15, ಬಾಯ್ ಝು 12, ಷಾನ್ ಯಾವ್ ಎಂಬ ಗೆಡ್ಡೆ 15, ತಾವರೆ ಬೀಜ 10, ಹುರಿದ ಯೀ ಯೀ ರೆನ್ 20, ಷಾ ರೆನ್ 5, ಜ್ಯೆ ಗೆಂಗ್ ಬೇರು 6, ಜ್ಯೇಷ್ಠಮಧು 3, ಮತ್ತೆ ಹುರಿದ ಬಾಯ್ ಬ್ಯೆನ್ ದೌ 12. ಕೊನೆಯದು ನಮ್ಮ ಅವರೆಯೇ, ಬಿಳಿ ಬೀಜದ ಬಗೆ. ಅದನ್ನು ಹಸಿಯಾಗಿ ತಿನ್ನಬಾರದು; ಹುರಿದು, ಬೇಯಿಸಿಯೇ ಬಳಸಬೇಕು. ವಾರ ಕಷಾಯ, ಆಮೇಲೆ ಅದೇ ಸೂತ್ರದ ಪುಡಿ, ದಿನಕ್ಕೆರಡು ಸಲ 6 ಗ್ರಾಂ ಬೆಚ್ಚನೆಯ ನೀರಿನಲ್ಲಿ.

ಆರನೇ ವಾರ ಒಮ್ಮೆ ಕೆಟ್ಟಿತು. ಗೋಡೆ ಬೆವರುವ ಹವೆ, ಗೆಳೆಯನ ಮನೆಯ ಊಟ, ಬಿಯರ್, ಸಿಂಪಿ. ಮರುದಿನ ವಾಂತಿ, ನಾಲ್ಕು ಸಲ ಭೇದಿ. ಇದಕ್ಕೆ ಮನೆಮನೆಯಲ್ಲಿರುವ ಹ್ವೊ ಶ್ಯಾಂಗ್ ಝೆಂಗ್ ಚಿ ಎಂಬ ಸಿದ್ಧೌಷಧ ಸಾಕಿತ್ತು. ಆದರೆ ಯಾವುದು? ‘ಷ್ವೆಯ್’ ಎಂದು ಮಾರುವ ದ್ರವದಲ್ಲಿ ಶೇ 40ರಿಂದ 50ರಷ್ಟು ಮದ್ಯಸಾರ. ಕುಡಿದು ವ್ಯಾನ್ ಓಡಿಸಿದರೆ ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಸೆಫಲೊಸ್ಪೊರಿನ್ ಅಥವಾ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ನುಂಗುತ್ತಿರುವವರಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುವ ಅಪಾಯವೂ ಇದೆ. ‘ಕೌ ಫು ಯೆ’ ಎಂಬ ಬಗೆಯಲ್ಲಿ ಮದ್ಯಸಾರವಿಲ್ಲ. ಅದನ್ನೇ 10 ಮಿಲಿಯಂತೆ ದಿನಕ್ಕೆರಡು ಸಲ ಎರಡು ದಿನ ಕೊಟ್ಟರು, ಜೊತೆಗೆ ಗಂಜಿ. ಮೂಲ ಪುಡಿಯನ್ನು ಆ ಎರಡು ದಿನ ನಿಲ್ಲಿಸಿದರು.

ಫಲಿತಾಂಶ

ಎಂಟು ವಾರಕ್ಕೆ: ತೂಕ 83, ಎಎಲ್‌ಟಿ 41, ಕ್ರಿಯಾಟಿನಿನ್ ಸರಿ. ಮಲ ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು. ಬೆಳಗಿನ ಭಾರ ಹೋಗಿದೆ. ನಾಲಿಗೆಯ ಅಂಚಿನ ಹಲ್ಲಿನ ಗುರುತು ಉಳಿದಿದೆ.

ಇದರಲ್ಲಿ ಎಷ್ಟು ಪಾಲು ಮೂಲಿಕೆಯದು ಎಂದು ಬೇರ್ಪಡಿಸಲು ಬರುವುದಿಲ್ಲ. ಎರಡನೇ ವಾರದಿಂದ ಬಿಯರ್ ವಾರಕ್ಕೆ ಒಂದೇ ದಿನಕ್ಕಿಳಿದಿತ್ತು, ರಾತ್ರಿಯೂಟ ಎಂಟಕ್ಕೆ ಬಂದಿತ್ತು, ನಾಲ್ಕನೇ ವಾರ ಅಂಗಡಿಗೆ ಹೋದದ್ದು ಬಿಟ್ಟರೆ ಲ್ಯಾಂಗ್ ಚಾ ನಿಂತಿತ್ತು. ಕೋಣೆಯನ್ನೂ ಬದಲಿಸಿದ್ದರು. ಗೋಡೆ ಬೆವರುವಾಗ ಗಾಳಿಯಾಡಲಿ ಎಂದು ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬಂದು ಇನ್ನಷ್ಟು ನೀರೊಡೆಯುತ್ತದೆ. ಆ ದಿನಗಳಲ್ಲಿ ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ಹಾಕಬೇಕು. ಅವರು ಐದು ವರ್ಷ ತೆರೆದೇ ಇಟ್ಟಿದ್ದರು. ಮದ್ದು ಬರೆದವರು ಇದನ್ನು ಮೊದಲ ದಿನ ಕೇಳಿದ್ದರೆ ಮೂರು ಪೊಟ್ಟಣವಾದರೂ ಉಳಿಯುತ್ತಿತ್ತೇನೋ. ಆದರೆ ತಪ್ಪು ಮದ್ದು ಮಾಡಿದ ಕೆಡುಕಿನ ಬಗ್ಗೆ ಅಷ್ಟು ಗೊಂದಲವಿಲ್ಲ: ಝಿ ಝಿ, ಲೊಂಗ್ ದಾನ್ ಶುರುವಾಗಿ ಐದೇ ದಿನಕ್ಕೆ ಭೇದಿ, ನಿಲ್ಲಿಸಿದ ಮೇಲೆ ಭೇದಿಯೂ ನಿಂತಿತು.

ಚಿಕಿತ್ಸಾಲಯ ಇದಾದ ಮೇಲೆ ಮೂರು ಬದಲಾವಣೆ ಮಾಡಿಕೊಂಡಿತು. ನಾಲಿಗೆ ನೋಡುವ ಮೊದಲು ಕಳೆದ ಎರಡು ಗಂಟೆಯಲ್ಲಿ ಏನು ಕುಡಿದಿರಿ ಎಂಬ ಪ್ರಶ್ನೆ ನೋಂದಣಿ ಚೀಟಿಗೆ ಸೇರಿತು. ಕೊನೆಗೆ ಹಾಕಬೇಕಾದ ಮೂಲಿಕೆಗಳನ್ನು ಬೇರೆ ಬಣ್ಣದ ಸಣ್ಣ ಪೊಟ್ಟಣದಲ್ಲಿ, ಜಜ್ಜಿಯೇ, ‘ಕೊನೆಯ 5 ನಿಮಿಷ’ ಎಂದು ಮುದ್ರೆ ಹಾಕಿ ಕೊಡುತ್ತಾರೆ. ಒಣಗಿಸುವ ಸೂತ್ರಗಳ ಚೀಟಿ ಏಳು ದಿನಕ್ಕೆ ರದ್ದಾಗುತ್ತದೆ.

ಆದರೂ ಫೋಟೋಗಳನ್ನು ರದ್ದು ಮಾಡಲಾಗುವುದಿಲ್ಲ. ಎರಡು ತಿಂಗಳ ಬಳಿಕ ಅದೇ ಮಾರುಕಟ್ಟೆಯ ಇನ್ನೊಬ್ಬ ಚಾಲಕ ವೆಯ್ ಲಿಂಗ್ ತಾಂಗ್‌ನ ಚೀಟಿಯನ್ನು ಫೋನಿನಲ್ಲಿ ಹಿಡಿದು ಬಂದು, ತನಗೂ ತೇವ, ಇದನ್ನೇ ಕಟ್ಟಿಕೊಡಿ ಎಂದರು. ನಾಲಿಗೆ ಕೆಂಪು, ತೆಳು, ಲೇಪವೇ ಇಲ್ಲ, ನಡುವೆ ಬಿರುಕು. ಮೂರು ದಿನದಿಂದ ಮಲಬದ್ಧತೆ. ಸಹಾಯಕಿ ಫೋನ್ ವಾಪಸ್ ಕೊಟ್ಟು, ಮೊದಲು ಹೆಸರು ಬರೆಸಿ ಕೂತುಕೊಳ್ಳಿ ಎಂದರು.